ಹಿರಿಯರ ಡಿಎಲ್ ನವೀಕರಣ: ಶುಲ್ಕ ವಿನಾಯಿತಿ ಬೇಕೇ?

ಪರ

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ, 18ನೇ ವಯಸ್ಸಿನಲ್ಲಿ ಸ್ವಂತ ವಾಹನದ ಚಾಲನಾ ಪರವಾನಗಿ ಪಡೆದವರಿಗೆ 40 ತುಂಬುವವರೆಗೂ ನವೀಕರಣದ ಗೊಡವೆಯಿಲ್ಲ. 55 ದಾಟಿದವರ ಪರವಾನಗಿಯಾದರೋ ಐದೇ ವರ್ಷಕ್ಕೆ ಮುಗಿಯುತ್ತದೆ. ಪ್ರತಿ ನವೀಕರಣಕ್ಕೆ 200 ರೂಪಾಯಿ. ಸ್ಮಾರ್ಟ್ ಕಾರ್ಡಿನ ಬಾಬ್ತು ಬೇರೆ. ಆರಂಭದ ಖರ್ಚು ಕಳೆದ ಮೇಲೆ ಯುವಕನೊಬ್ಬ 22 ವರ್ಷಗಳ ಕಾಲ ಬಿಡಿಗಾಸನ್ನೂ ಕಟ್ಟುವುದಿಲ್ಲ. 60ರಿಂದ 82ರವರೆಗೆ, ಅಷ್ಟೇ ಕಾಲ, ವಾಹನ ಓಡಿಸಬಯಸುವ ಹಿರಿಯರು ಐದು ಸಲ ಅರ್ಜಿ ಹಾಕಿ 1,000 ರೂಪಾಯಿ ಕಟ್ಟಬೇಕು. ಇದರ ಜೊತೆಗೆ ಪ್ರತಿ ಸಲವೂ ವೈದ್ಯರಿಂದ ದೈಹಿಕ ಯೋಗ್ಯತೆಯ ನಮೂನೆ 1ಎ ಪ್ರಮಾಣಪತ್ರ ತರಬೇಕು, ಅದರ ಫೀಸು ಅನೇಕ ಕಡೆ ಸರ್ಕಾರದ ಶುಲ್ಕವನ್ನೇ ಮೀರಿಸುತ್ತದೆ.

ಅವಧಿಯನ್ನು ಮೊಟಕುಗೊಳಿಸಿದ್ದು ಹಿರಿಯರ ಕೋರಿಕೆಯ ಮೇರೆಗಲ್ಲ, ರಸ್ತೆಯಲ್ಲಿ ಓಡಾಡುವ ಎಲ್ಲರ ಸುರಕ್ಷತೆಗಾಗಿ. ಹಾಗಿದ್ದ ಮೇಲೆ ಆ ತಪಾಸಣೆಯ ಖರ್ಚನ್ನು ತಪಾಸಣೆಗೆ ಒಳಗಾಗುವವರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಬ್ರಿಟನ್ನಿನಲ್ಲಿ 70 ತುಂಬಿದವರು ಮೂರು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು, ಅದಕ್ಕೆ ಶುಲ್ಕವಿಲ್ಲ.

ವಿರೋಧ

ಬ್ರಿಟನ್ನಿನ ಉದಾಹರಣೆ ಅರ್ಧದಷ್ಟೇ ಸರಿ, ಏಕೆಂದರೆ ಅಲ್ಲಿ 70 ದಾಟಿದವರು ತಮ್ಮ ಆರೋಗ್ಯವನ್ನು ತಾವೇ ಘೋಷಿಸಿಕೊಂಡರೆ ಸಾಮಾನ್ಯವಾಗಿ ಸಾಕಾಗುತ್ತದೆ. ನಮ್ಮ ನಮೂನೆ 1ಎ, ಹಗಲ ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟನ್ನು ಅರ್ಜಿದಾರರು ಗುರುತಿಸಬಲ್ಲರೇ, ಇರುಳುಗಣ್ಣು ಇದೆಯೇ, ಕಿವಿ ಕೇಳುತ್ತದೆಯೇ ಎಂದು ವೈದ್ಯರನ್ನೇ ಕೇಳುತ್ತದೆ. (ಎಷ್ಟು ವೈದ್ಯರು ಕುರ್ಚಿಯಿಂದ ಎದ್ದು ನೋಡಿ ಸಹಿ ಹಾಕುತ್ತಾರೆ ಎಂಬುದು ಬೇರೆ ಮಾತು.) ಮೇಲಾಗಿ, ಈ ಪ್ರಮಾಣಪತ್ರ 40 ದಾಟಿದ ಎಲ್ಲರಿಗೂ ಕಡ್ಡಾಯವಾಗಿರುವಾಗ ಅದನ್ನು ಹಿರಿಯರಿಗೆ ಮಾತ್ರ ಆದ ಅನ್ಯಾಯವೆನ್ನಲಾಗದು.

ಐದು ವರ್ಷಕ್ಕೆ 200 ಎಂದರೆ ವರ್ಷಕ್ಕೆ 40 ರೂಪಾಯಿ. ಪೆಟ್ರೋಲು, ವಿಮೆ ಎಂದು ಇದರ ಎಷ್ಟೋ ಪಟ್ಟು ಖರ್ಚು ಮಾಡುವ ಕಾರಿನ ಮಾಲೀಕರಿಗೆ ಬೊಕ್ಕಸದಿಂದ ಈ ಉಪಕಾರ ಬೇಕಿಲ್ಲ. ಕೆಎಸ್‌ಆರ್‌ಟಿಸಿ 60 ದಾಟಿದವರಿಗೆ ಟಿಕೆಟ್ ದರದಲ್ಲಿ ಶೇ 25 ರಿಯಾಯಿತಿ ಕೊಡುತ್ತದೆ. ಆ ಹಣ ಸ್ವಂತ ವಾಹನವಿಲ್ಲದವರಿಗೂ, ಓಡಿಸುವುದನ್ನು ಬಿಟ್ಟವರಿಗೂ ಸಲ್ಲುತ್ತದೆ. ಹೆಚ್ಚುವರಿ ಹಣವಿದ್ದರೆ ಅಲ್ಲಿ ಸುರಿಯುವುದು ಮೇಲು.

ಟಿವಿಎಸ್ ಮೊಪೆಡ್ಡಿನಲ್ಲಿ ಸಂತೆಗೆ ಸೊಪ್ಪು ಸಾಗಿಸುವ ಅಜ್ಜನ ಕಷ್ಟ ನಿಜವಾದದ್ದೇ. ಆದರೆ ಅವನನ್ನು ಹಣ್ಣು ಮಾಡುವುದು ಶುಲ್ಕವಲ್ಲ, ಆನ್‌ಲೈನ್ ಅರ್ಜಿಗಾಗಿ ಏಜೆಂಟನಿಗೆ ತೆರುವ ದುಡ್ಡು ಮತ್ತು ಆರ್‌ಟಿಒ ಕಚೇರಿಗೆ ಹೋಗಿಬಂದ ದಿನದ ಕೂಲಿ. ಆದ್ದರಿಂದ 1ಎ ತಪಾಸಣೆ ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ನಡೆಯಲಿ, ಅರ್ಜಿಯೂ ಅಲ್ಲಿಂದಲೇ ಹೋಗಲಿ, ಶುಲ್ಕ ಇದ್ದಲ್ಲೇ ಇರಲಿ.