ಮರಕ್ಕೆ ಮೊಳೆ ಹೊಡೆದು ಪ್ರಕೃತಿ ಪ್ರದರ್ಶನ

ಕಾಸರಗೋಡು ಪೇಟೆಯಲ್ಲಿ ಯಾವ ಯಾವ ಮರ ಉಳಿದಿದೆ ಎಂದು ತಿಳಿಯಲು ಅರಣ್ಯ ಇಲಾಖೆಯನ್ನು ಕೇಳಬೇಕಾಗಿಲ್ಲ; ಫ್ಲೆಕ್ಸ್ ಎಲ್ಲೆಲ್ಲಿ ತೂಗುತ್ತಿದೆ ನೋಡಿದರೆ ಸಾಕು. ಕಳೆದ ವಾರ ಒಂದು ಮಾವಿನ ಮರಕ್ಕೆ ನಾಲ್ಕು ಮೊಳೆ ಹೊಡೆದು ‘ನಗರ ಮತ್ತು ಪ್ರಕ್ರತಿ: ಪ್ರಾಯೋಗಿಕ ಚಿತ್ರಗಳ ಸಂಜೆ’ ಎಂದು ಕಟ್ಟಿದ್ದರು. ‘ಪ್ರಕೃತಿ’ ತಪ್ಪಿದ್ದಕ್ಕೆ ಬೇಸರವಿಲ್ಲ. ನಮ್ಮಲ್ಲಿ ಫಲಕದ ಮೇಲಿನ ಕನ್ನಡವೂ ಪ್ರಾಯೋಗಿಕವೇ. ಅಕ್ಷರ ಕಾಣಲೆಂದು ಒಂದು ಕೊಂಬೆಯನ್ನೂ ಕಡಿದಿದ್ದರು. ಕಡಿದಲ್ಲಿಂದ ಒಸರಿದ ಸೊನೆ ನಿರ್ದೇಶಕರ ಭಾವಚಿತ್ರದ ಮೂಗಿನ ಮೇಲೆ ಇಳಿದು ಒಣಗಿತ್ತು.

ಹೋದೆ. ಮಾತಿಲ್ಲ, ಕಥೆಯಿಲ್ಲ. 18 ನಿಮಿಷ ತೋಡಿನಲ್ಲಿ ಒಂದು ಪ್ಲಾಸ್ಟಿಕ್ ಚೀಲ ತೇಲಿತು. ಯಾರೋ ನಿಟ್ಟುಸಿರು ಬಿಟ್ಟರು. ಪಕ್ಕದವರು ಅದನ್ನು ರಸಾನುಭವವೆಂದು ತಿಳಿದು ತಾವೂ ಬಿಟ್ಟರು. ಬಳಿಕ ಕಾಗದದ ಲೋಟದಲ್ಲಿ ಚಹಾ. ಲೋಟಗಳು ಹೊರಗಿನ ಚರಂಡಿ ಸೇರಿ ಚಿತ್ರದ ಎರಡನೆಯ ಭಾಗಕ್ಕೆ ಅಣಿಯಾದವು.

ಪ್ರಾಯೋಗಿಕ ಚಿತ್ರಗಳ ಮೇಲೆ ನನಗೆ ಸಿಟ್ಟಿಲ್ಲ. ಅಮೆರಿಕದ ಸ್ಟ್ಯಾನ್ ಬ್ರ್ಯಾಕೇಜ್ 1963ರಲ್ಲಿ ಕ್ಯಾಮೆರಾ ಮುಟ್ಟದೆಯೇ, ಪತಂಗದ ರೆಕ್ಕೆ, ಹುಲ್ಲು, ಎಸಳುಗಳನ್ನು ಪಾರದರ್ಶಕ ಟೇಪಿಗೆ ಅಂಟಿಸಿ ಚಿತ್ರ ಮಾಡಿದ. ಅದು ಕಸುಬು. ಹೆದ್ದಾರಿ ಅಗಲವಾಗುತ್ತಿದ್ದ ಕಾಲದಲ್ಲಿ ತಲಪಾಡಿಯಿಂದ ಚೆಂಗಳದವರೆಗೆ ಬೈಕಿನಲ್ಲಿ ಬಂದವರ ಹೆಲ್ಮೆಟ್ಟಿನ ಗಾಜಿನ ಮೇಲೂ ಅಂಥದ್ದೇ ಚಿತ್ರ ಸಿದ್ಧವಾಗುತ್ತಿತ್ತು: ಪತಂಗ ಕಡಿಮೆ, ಕೆಂಪು ಧೂಳು ಧಾರಾಳ. ನಟರಿಗೂ ಬರವಿಲ್ಲ. 2025ರ ಮಳೆಗಾಲದಲ್ಲಿ ಚೆರುವತ್ತೂರಿನ ವೀರಮಲೆ ಗುಡ್ಡ ಸಂಭಾವನೆ ಕೇಳದೆ, ಯಾರೂ ‘ಆಕ್ಷನ್’ ಎನ್ನದೆ, ತಾನಾಗಿ ಹೆದ್ದಾರಿಗೆ ಇಳಿದು ಬಂತು. ಒಂದೇ ಟೇಕ್.

ಚಿತ್ರದ ಮೇಲೆ ಸಂವಾದವಿತ್ತು. ಡ್ರೋನ್ ಹಾರಿಸಿದ ಹುಡುಗ ಬಹಳ ಹೊತ್ತು ಮಾತನಾಡಿದ. ಮೇಲಿನಿಂದ ನೋಡಿದಾಗ ಮಾತ್ರ ಭೂಮಿಯ ನೋವು ಕಾಣುತ್ತದೆಯಂತೆ. ಹಿಂದಿನ ಸಾಲಿನಲ್ಲಿ ಎಣ್ಮಕಜೆ ಕಡೆಯ ಹಿರಿಯರೊಬ್ಬರು ಕುಳಿತಿದ್ದರು.

“ನಮ್ಮಲ್ಲಿಗೂ ಮೇಲಿನಿಂದ ಬಂದಿದ್ದರು ಮಾರಾಯರೇ, ಹೆಲಿಕಾಪ್ಟರಿನಲ್ಲಿ.”

“ಯಾವ ಪ್ರೊಡಕ್ಷನ್ ಸರ್?”

“ಗೇರುಬೀಜ.”

ಹುಡುಗ ನಕ್ಕ. ಅವನ ತಪ್ಪಲ್ಲ, ಅವನು ಹುಟ್ಟುವ ಹೊತ್ತಿಗೆ ಆ ಹೆಲಿಕಾಪ್ಟರ್ ನಿಂತಿತ್ತು. ಎಪ್ಪತ್ತರ ದಶಕದಿಂದ 2000ದವರೆಗೆ ಸರಕಾರಿ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಕೆಳಗೆ ಮನೆಗಳಿದ್ದವು, ಬಾವಿಗಳಿದ್ದವು, ಬಸುರಿಯರಿದ್ದರು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. 2022ರಲ್ಲಿ ಲೆಕ್ಕ ಕೇಳಿದಾಗ 3,704 ಜನರಲ್ಲಿ ಹಣ ಸಿಕ್ಕಿದ್ದು ಎಂಟು ಮಂದಿಗೆ, ಅದೂ ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ. ಚೀಲ 18 ನಿಮಿಷ ತೇಲಿದ್ದನ್ನು ನಿಧಾನ ಎಂದು ಗೊಣಗಿದೆನಲ್ಲ, ನನಗೇ ನಾಚಿಕೆಯಾಯಿತು. ಐದು ವರ್ಷ ಕೈಚಾಚಿ ಕುಳಿತ ತಾಯಂದಿರನ್ನು ಯಾವ ಉತ್ಸವವೂ ಪರದೆಯ ಮೇಲೆ ಅಷ್ಟು ಹೊತ್ತು ಇಡುವುದಿಲ್ಲ. ಅವರು ನೋಡಲು ಚೆನ್ನಾಗಿಲ್ಲ, ತೇಲುವುದೂ ಇಲ್ಲ.

ಸಂವಾದ ಮುಂದುವರಿದಿತ್ತು. ಪೆರ್ಲದ ಬಸ್ಸು ತಪ್ಪೀತೆಂದು ಹಿರಿಯರು ಎದ್ದರು. ಹೋಗುವಾಗ ಹುಡುಗನ ಬೆನ್ನು ತಟ್ಟಿ, “ಚೀಲ ಒಳ್ಳೆಯದಾಗಿ ತೇಲಿತು” ಎಂದರು.