ಅಪ್ಪನ ಪಾತ್ರ ಖಾಲಿ ಇದೆ

ನಮ್ಮ ಚಿತ್ರರಂಗದಲ್ಲಿ ವಯಸ್ಸು ಹೇಳೋದು ಜಾತಕವಲ್ಲ, ಕಾಲ್‌ಶೀಟು. ಹೀರೋಗೆ ನೀವೇನಾಗಬೇಕು ಅನ್ನುವುದರ ಮೇಲೆ ನಿಮ್ಮ ವಯಸ್ಸು ತೀರ್ಮಾನ ಆಗುತ್ತದೆ. ಕೆ.ಎಸ್. ಅಶ್ವಥ್ ಹುಟ್ಟಿದ್ದು 1925ರಲ್ಲಿ, ರಾಜ್‌ಕುಮಾರ್ 1929ರಲ್ಲಿ. ಮನೆಯಲ್ಲಾಗಿದ್ದರೆ ಅಣ್ಣ-ತಮ್ಮ. ತೆರೆಯ ಮೇಲೆ ಅಪ್ಪ-ಮಗ. ಪಂಢರಿಬಾಯಿ 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಗೆ ನಾಯಕಿ. ಆಮೇಲೆ ಅವರಿಗೇ ತಾಯಿ. ಅಷ್ಟು ವರ್ಷದಲ್ಲಿ ಆಕೆಗೆ ಮಾತ್ರ ವಯಸ್ಸಾಯಿತು. ಹೀರೋಗಳಿಗೆ ಆ ತಾಪತ್ರಯ ಇರೋದಿಲ್ಲ.

1972ರಲ್ಲಿ ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರಾದಾಗ ಅಶ್ವಥ್‌ಗೆ 47. ಇವತ್ತು ಅದೇ ವಯಸ್ಸಿನ ಹೀರೋ ಕಾಲೇಜು ಕಾಂಪೌಂಡ್ ಮೇಲೆ ಕೂತು ಸೆಕೆಂಡ್ ಇಯರ್ ಹುಡುಗಿಯ ಹಿಂದೆ ಬೀಳುತ್ತಾನೆ. ಅವನಿಗಿಂತ ಚಿಕ್ಕ ವಯಸ್ಸಿನ ನಟ ತಲೆಗೆ ಬಿಳಿ ಬಳಿದುಕೊಂಡು, ‘ಮಗನೇ, ಯಾವಾಗಪ್ಪಾ ಉದ್ಧಾರ ಆಗ್ತೀಯಾ?’ ಅಂತ ಬಯ್ಯುತ್ತಾನೆ.

ಧಾರಾವಾಹಿಯ ಅಪ್ಪನ ಪಾಡು ಇನ್ನೂ ಚೆನ್ನಾಗಿದೆ. ಬೆಳಗ್ಗೆ ಏಳಕ್ಕೇ ಮೇಕಪ್ ಮುಗಿಸಿ, ರೇಷ್ಮೆ ಜುಬ್ಬಾ ತೊಟ್ಟು, ಸೋಫಾ ಮೇಲೆ ಪೇಪರ್ ಹಿಡಿದು ಕೂರಬೇಕು. ಪೇಪರ್ ಹೋದ ವಾರದ್ದು. ಅತ್ತೆ-ಸೊಸೆ ಜಗಳದ ಇಡೀ ಸೀನ್‌ನಲ್ಲಿ ಇವರದ್ದು ಎಡ ಭುಜ ಮಾತ್ರ ಕಾಣುತ್ತದೆ. ಅದನ್ನು ಸೆಟ್‌ನಲ್ಲಿ ಸಜೆಷನ್ ಅಂತಾರೆ. ಸಂಜೆ ಹೊತ್ತಿಗೆ ಕ್ಯಾಮೆರಾ ಇವರ ಕಡೆ ತಿರುಗುತ್ತದೆ. ಪ್ರಾಂಪ್ಟ್ ಮಾಡುವ ಹುಡುಗ ಮೂಲೆಯಿಂದ ಕೂಗುತ್ತಾನೆ: ‘ಸರ್, ಶಾಕ್! ಇನ್ನೂ ಸ್ವಲ್ಪ ಜಾಸ್ತಿ ಶಾಕ್!’ ಯಾರನ್ನು ನೋಡಿ, ಯಾತಕ್ಕೆ ಶಾಕ್ ಅಂತ ಕೇಳುವ ಹಾಗಿಲ್ಲ. ಮುಂದಿನ ವಾರದ ಕಥೆ ಬರೆಯುವವರಿಗೂ ಇನ್ನೂ ಗೊತ್ತಿರುವುದಿಲ್ಲ. ಎಡಿಟಿಂಗ್‌ನಲ್ಲಿ ಆ ಮುಖ ಮೂರು ಸಲ ಬರುತ್ತದೆ, ಮೂರು ಸಲ ಗುಡುಗುತ್ತದೆ. ಪೇಮೆಂಟ್ ಮಾತ್ರ ಒಂದೇ ಸಲಕ್ಕೆ. ಅದೂ ಮೂರು ತಿಂಗಳು ಬಿಟ್ಟು.

ಹಣ ಕೇಳಿದರೆ ಕೊಡೋದಿಲ್ಲ ಅಂತ ಯಾರೂ ಹೇಳುವುದಿಲ್ಲ, ಸುಮ್ನೆ ಆಪಾದನೆ ಬೇಡ. ‘ನೋಡೋಣ ಸರ್’ ಅಂತಾರೆ. ಮರುವಾರವೇ ಅಪ್ಪ ತೀರ್ಥಯಾತ್ರೆಗೆ ಹೊರಡುತ್ತಾರೆ. ಎರಡನೇ ಸಲ ಕೇಳಿದರೆ ಕೋಮಾ. ಮಾನಿಟರ್‌ನ ಬೀಪ್ ಸದ್ದು, ಬಿಳಿ ಹೊದಿಕೆ, ಒಳಗೆ ಯಾರು ಮಲಗಿದರೂ ನಡೆಯುತ್ತದೆ, ಲೈಟ್‌ಬಾಯ್ ಮಲಗಿದರೆ ಇನ್ನೂ ಉಳಿತಾಯ. ಮೂರನೇ ಸಲ ಕೇಳುವ ಧೈರ್ಯ ಮಾಡಿದವರ ಫೋಟೊಗೆ ಹಾಲ್‌ನಲ್ಲಿ ಗಂಧದ ಹಾರ. ಪೋಷಕ ನಟರ ವೃತ್ತಿಜೀವನದಲ್ಲಿ ದಿನಾ ತೆರೆ ಮೇಲೆ ಬರುವ ಗ್ಯಾರಂಟಿ ಇರುವ ಪಾತ್ರ ಅದೊಂದೇ. ಸೊಸೆ ಕಣ್ಣೀರು ಹಾಕಿದಾಗಲೆಲ್ಲ ಕ್ಲೋಸಪ್ಪು.

ಸರ್ಕಾರಕ್ಕೆ ಇವರ ಮೇಲೆ ಗೌರವ ಇದೆ. ಪೋಷಕ ನಟನಿಗೆ ಕೊಡುವ ರಾಜ್ಯ ಪ್ರಶಸ್ತಿಗೆ ಅಶ್ವಥ್ ಅವರ ಹೆಸರನ್ನೇ ಇಟ್ಟಿದ್ದಾರೆ. ಕೊಡೋದಕ್ಕೆ ಅವಸರ ಏನೂ ಇಲ್ಲ ಅಷ್ಟೆ. 2019ರ ಸಿನಿಮಾಗಳ ಪ್ರಶಸ್ತಿ ಪ್ರಕಟವಾಗಿದ್ದು 2025ರ ಜನವರಿಯಲ್ಲಿ. ಅಪ್ಪನ ಪಾತ್ರಕ್ಕೆ ಗೆದ್ದವರು ಅಷ್ಟು ಹೊತ್ತಿಗೆ ತಾತನ ಪಾತ್ರಕ್ಕೆ ಬಡ್ತಿ ಪಡೆದಿರುತ್ತಾರೆ.

ಜನರ ಪ್ರೀತಿಗೇನೂ ಕಮ್ಮಿ ಇಲ್ಲ ಬಿಡಿ. ನಲವತ್ತು ವರ್ಷ ನಟಿಸಿದವರನ್ನು ಮಾಲ್‌ನಲ್ಲಿ ಕಂಡರೆ ಕೈ ಹಿಡಿದು ನಿಲ್ಲಿಸಿಕೊಳ್ಳುತ್ತೇವೆ. ‘ನಿಮ್ಮನ್ನ ಎಲ್ಲೋ ನೋಡಿದೀನಲ್ಲಾ, ಬ್ಯಾಂಕ್‌ನಲ್ಲಿದ್ರಿ ಅಲ್ವಾ?’ ಅಂತ ವಿಚಾರಿಸುತ್ತೇವೆ. ಅಷ್ಟರಲ್ಲಿ ಯಾರಾದರೂ ಹೀರೋ ಲಿಫ್ಟ್‌ನಿಂದ ಇಳಿದರೆ, ಮೊಬೈಲನ್ನು ಇವರ ಕೈಗೇ ಕೊಡುತ್ತೇವೆ: ‘ಅಂಕಲ್, ಒಂದು ಫೋಟೊ ತೆಗೀರಿ. ಅವರು ಪೂರ್ತಿ ಬರಬೇಕು.’