ಕಾಗದದ ಮೇಲೆ ಓಡುವ ಪ್ರೋಗ್ರಾಂ

ಅಕ್ಕನ ಮಗ ಸಾಫ್ಟ್‌ವೇರ್ ಡಿಗ್ರಿಗೆ ಸೇರಿ ಮೂರು ತಿಂಗಳಾಯಿತು. ಮೊನ್ನೆ ಅವರ ಮನೆಗೆ ಹೋದಾಗ ಟೇಬಲ್ ತುಂಬ ಸ್ಕೇಲು, ಪೆನ್ಸಿಲು, ರಬ್ಬರು, ಎರಡು ಬಣ್ಣದ ಪೆನ್ನು ಹರಡಿಕೊಂಡು ಕೂತಿದ್ದ. ಮ್ಯಾಪ್ ಬಿಡಿಸ್ತಿದ್ದಾನೇನೋ ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ, ಸ್ಕೇಲ್ ಇಟ್ಟು ನೀಟಾಗಿ ಒಂದು ಚೌಕ ಎಳೆದು, ಅದರೊಳಗೆ ಪೆನ್ಸಿಲಲ್ಲಿ ‘ಎಂಟರ್ ಟೂ ನಂಬರ್ಸ್: 5, 7. ಸಮ್ ಈಸ್ 12’ ಅಂತ ಬರೆಯುತ್ತಿದ್ದ.

“ಏನೋ ಇದು?”

“ಔಟ್‌ಪುಟ್ ಮಾಮ.”

“ಪ್ರೋಗ್ರಾಂ ಓಡಿಸಿದ್ಯಾ?”

“ಇಲ್ಲ, ಲ್ಯಾಬ್ ಇರೋದು ಗುರುವಾರ. ರೆಕಾರ್ಡ್ ಬುಧವಾರ ಸಬ್ಮಿಟ್ ಮಾಡ್ಬೇಕು.”

ಇದು ಸಣ್ಣ ಸಾಧನೆ ಅಲ್ಲ. ನಾನೂ ಇದೇ ಕಸುಬಿನವನು. ಪ್ರೋಗ್ರಾಂ ಬರೆದು, ಓಡಿಸಿ, ಅದು ಕೈಕೊಟ್ಟು, ತಲೆ ಕೆರೆದುಕೊಂಡು, ಕೊನೆಗೆಲ್ಲೋ ಉತ್ತರದ ಮುಖ ನೋಡಿದವನು. ಇವರು ಹಾಗಲ್ಲ. ಉತ್ತರವನ್ನು ಬುಧವಾರವೇ ಬರೆದಿಟ್ಟು, ಗುರುವಾರ ಹೋಗಿ ಕಂಪ್ಯೂಟರ್‌ಗೆ ತಿಳಿಸುತ್ತಾರೆ. ಕಂಪ್ಯೂಟರ್ ಬೇರೆ ಏನಾದರೂ ಹೇಳಿದರೆ ಅದು ಕಂಪ್ಯೂಟರ್‌ನ ಹಣೆಬರಹ. ರೆಕಾರ್ಡ್‌ಗೆ ಆಗಲೇ ಸಹಿ ಬಿದ್ದಿರುತ್ತದೆ.

ಅದೇ ದಿನ ಬೆಳಗ್ಗೆ ಪೇಪರ್‌ನಲ್ಲಿ ಆ ಸುದ್ದಿ ಬೇರೆ. ಯಾರೋ ದೊಡ್ಡವರು ವೇದಿಕೆ ಹತ್ತಿ, ಈಗಿನ ಸಾಫ್ಟ್‌ವೇರ್ ಪದವೀಧರರು ಕೆಲಸಕ್ಕೆ ಲಾಯಕ್ಕಿಲ್ಲ ಅಂದಿದ್ದಾರೆ. ನಿಮಗೂ ಇದು ಹೊಸದಲ್ಲ ಬಿಡಿ. ನೆಗಡಿ ಹಾಗೆ ಈ ಸುದ್ದಿಗೂ ಒಂದು ಸೀಸನ್ ಇದೆ. ಹೇಳುವ ಬಾಯಿ ಬದಲಾಗುತ್ತದೆ, ಮಾತು ಅದೇ.

ಪರೀಕ್ಷೆಯ ಕಥೆ ಇನ್ನೂ ಚೆಂದ. ಒಂದು ಪೆನ್ನು, ಬಿಳಿ ಹಾಳೆ, ಸಾಫ್ಟ್‌ವೇರ್ ಬರೆಯಿರಿ ಅಂತ ಅಪ್ಪಣೆ. ಪೆನ್ನಿಗೆ ಬ್ಯಾಕ್‌ಸ್ಪೇಸ್ ಇಲ್ಲ. ನಡುವೆ ಒಂದು ಸಾಲು ಮರೆತರೆ ಬಾಣದ ಗುರುತು ಹಾಕಬೇಕು. ಆ ಬಾಣ ಮಾರ್ಜಿನ್ ದಾಟಿ, ಕೆಳಗಿಳಿದು, ‘ಮುಂದಿನ ಪುಟ ನೋಡಿ’ ಅಂತ ಹೇಳಿ, ಅಲ್ಲಿ ಹೋದರೆ ಇನ್ನೊಂದು ಬಾಣ ಕಾಯುತ್ತಿರುತ್ತದೆ. ಕಾಗದದ ಗುಣವನ್ನೂ ಹೇಳಬೇಕು ಅನ್ನಿ. ಹ್ಯಾಂಗ್ ಆಗಲ್ಲ. ವೈರಸ್ ಬರಲ್ಲ. ಕರೆಂಟ್ ಹೋದರೂ ಓಡುತ್ತದೆ. ಅಂದರೆ, ಎಷ್ಟು ಓಡುತ್ತಿತ್ತೋ ಅಷ್ಟೇ ಓಡುತ್ತದೆ.

ಹುಡುಗ ತನ್ನ ಮೊದಲ ಇಂಟರ್ನಲ್ಸ್ ಪೇಪರ್ ತಂದು ತೋರಿಸಿದ. ಪ್ರಶ್ನೆ ಸುಲಭದ್ದೇ. ಐದು ವಿಷಯದ ಮಾರ್ಕ್ಸನ್ನು ಅರೇಯಲ್ಲಿ, ಅಂದರೆ ಸಾಲು ಮನೆಗಳಂಥ ಪಟ್ಟಿಯಲ್ಲಿ, ಇಟ್ಟು ಕೂಡಿಸಿ ಟೋಟಲ್ ಹೇಳಬೇಕು. ಒಂದು ಕಡೆ ಸಾಲಿನ ಕೊನೆಗೆ ಹಾಕುವ ಸೆಮಿಕೋಲನ್ ಬಿಟ್ಟಿದ್ದ. ಅದರ ಸುತ್ತ ಕೆಂಪು ಶಾಯಿಯಲ್ಲಿ ಕೋಪದ ಸುತ್ತು, ಅರ್ಧ ಮಾರ್ಕ್ಸ್ ಕಟ್. ಎರಡು ಸಾಲು ಕೆಳಗೆ, ಅದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಲೂಪು. ಐದು ಮನೆಯ ಅರೇ, ಸೊನ್ನೆಯಿಂದ ಎಣಿಸಿದರೆ ನಾಲ್ಕಕ್ಕೆ ಮುಗಿಯಬೇಕು. ಇವನು ಐದರ ತನಕ ಹೋಗಿ, ಇಲ್ಲದ ಆರನೇ ಮನೆಯ ಬಾಗಿಲು ತಟ್ಟಿದ್ದಾನೆ. ಅದರ ಪಕ್ಕ ದೊಡ್ಡದೊಂದು ರೈಟ್ ಮಾರ್ಕು. ಲಾಜಿಕ್‌ಗೆ ಫುಲ್ ಮಾರ್ಕ್ಸ್. ಕೆಳಗೆ ಚೌಕದೊಳಗೆ ಔಟ್‌ಪುಟ್: ‘ಟೋಟಲ್ ಈಸ್ 387’.

ನಾನು ಆ ಹಾಳೆಯನ್ನು ಬಹಳ ಹೊತ್ತು ನೋಡುತ್ತಾ ಕೂತೆ. ಸೆಮಿಕೋಲನ್ ಬಿಟ್ಟರೆ, ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತರ್ಜುಮೆ ಮಾಡುವ ಕಂಪೈಲರ್ ಕಣ್ಣು ಮಿಟುಕಿಸುವುದರೊಳಗೆ ಹಿಡಿಯುತ್ತದೆ, ಯಾವ ಸಾಲು ಅಂತಲೂ ಹೇಳುತ್ತದೆ. ಅದಕ್ಕೆ ಮನುಷ್ಯ ಬೇಕಾಗಿಲ್ಲ. ಆದರೆ ಅರೇ ದಾಟಿ ಹೋದರೆ, ಇವರು ಪ್ರೋಗ್ರಾಂ ಬರೆಯುವ ಸಿ ಭಾಷೆ ಸಾಮಾನ್ಯವಾಗಿ ತುಟಿ ಬಿಚ್ಚಲ್ಲ. ಹೋಗಪ್ಪ, ನಿನ್ನಿಷ್ಟ ಅನ್ನುತ್ತದೆ. 1988ರಲ್ಲಿ ಇಂಟರ್‌ನೆಟ್‌ನ ಸಾವಿರಾರು ಯಂತ್ರಗಳನ್ನು ಮಲಗಿಸಿದ, ತಾನೇ ಹರಡುವ ಮಾರಿಸ್ ವರ್ಮ್ ಅನ್ನುವ ಪ್ರೋಗ್ರಾಂ ನುಗ್ಗಿದ ದಾರಿಗಳಲ್ಲಿ ಒಂದು ಇದೇ ಜಾತಿಯ ತಪ್ಪು. ಮೇಷ್ಟರ ಕಣ್ಣು ಬೇಕಾದದ್ದು ಅಲ್ಲಿ. ನಮ್ಮ ವ್ಯವಸ್ಥೆಯಲ್ಲಿ ಯಂತ್ರ ಮಾಡುವ ಕೆಲಸ ಮನುಷ್ಯ ಮಾಡುತ್ತಾನೆ. ಮನುಷ್ಯ ಮಾಡಬೇಕಾದ ಕೆಲಸ ಯಾರೂ ಮಾಡಲ್ಲ.

ಕಾಗದದ ಪರ ವಾದ ಮಾಡುವವರು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಹೆಸರು ಎತ್ತುತ್ತಾರೆ. ಎತ್ತಲಿ, ದೊಡ್ಡ ಹೆಸರು. ಹೊಸ ವಿದ್ಯಾರ್ಥಿಗಳಿಗೆ ಕಲಿಸುವ ಭಾಷೆ ಕ್ಯಾಂಪಸ್ಸಿನ ಯಾವ ಕಂಪ್ಯೂಟರ್‌ನಲ್ಲೂ ಓಡಬಾರದು, ಆಗಷ್ಟೇ ಸುಮ್ನೆ ಓಡಿಸಿ ನೋಡುವ ಚಪಲ ಬಿಟ್ಟು ಯೋಚನೆ ಮಾಡುತ್ತಾರೆ ಅಂತ 1988ರಲ್ಲಿ ಅವರು ಬರೆದದ್ದು ನಿಜ. ಆದರೆ ಅವರು ಕೇಳಿದ್ದು, ಈ ಪ್ರೋಗ್ರಾಂ ಯಾಕೆ ಸರಿ ಅಂತ ಸಾಧಿಸಿ ತೋರಿಸು ಅಂತ. ಪಕ್ಕದವನ ರೆಕಾರ್ಡ್ ನೋಡಿ ಚೌಕ ಎಳಿ ಅಂತ ಅಲ್ಲ. ಇನ್ನೊಂದು ವಿಷಯ. ಅತಿ ಹತ್ತಿರದ ದಾರಿ ಹುಡುಕುವ ಅವರ ಅಲ್ಗಾರಿದಂ ಇದೆಯಲ್ಲ, ಈಗ ಪ್ರತಿ ಡಿಗ್ರಿಯಲ್ಲೂ ಮಕ್ಕಳು ಪುಟಗಟ್ಟಲೆ ಗೀಚುವುದು, ಅದನ್ನು ಅವರು 1956ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಒಂದು ಕೆಫೆಯಲ್ಲಿ, ಮದುವೆಯಾಗಲಿದ್ದ ಹುಡುಗಿಯ ಜೊತೆ ಕಾಫಿ ಕುಡಿಯುತ್ತಾ, ಇಪ್ಪತ್ತು ನಿಮಿಷದಲ್ಲಿ ಹೊಳೆಯಿಸಿಕೊಂಡರಂತೆ. ಪೆನ್ಸಿಲ್ ಇರಲಿಲ್ಲ, ಕಾಗದ ಇರಲಿಲ್ಲ. ಇಲ್ಲದ್ದೇ ಒಳ್ಳೆಯದಾಯಿತು, ಅದಕ್ಕೇ ಅಷ್ಟು ಚೊಕ್ಕವಾಗಿ ಬಂತು ಅಂತ ಅವರೇ ಹೇಳಿಕೊಂಡಿದ್ದಾರೆ.

ಅದೇ ಹುಡುಗಿಯನ್ನು 1957ರಲ್ಲಿ ಮದುವೆಯಾಗಲು ಹೋದಾಗ ನಡೆದದ್ದು ನನಗೆ ಇನ್ನೂ ಇಷ್ಟ. ಫಾರಂನಲ್ಲಿ ಉದ್ಯೋಗ ಅಂತ ಇರುವ ಕಡೆ ‘ಪ್ರೋಗ್ರಾಮರ್’ ಅಂತ ಬರೆದರು. ಆಮ್‌ಸ್ಟರ್‌ಡ್ಯಾಮ್ ಪುರಸಭೆಯವರು ಅಂಥ ಉದ್ಯೋಗವೇ ಇಲ್ಲ ಅಂತ ಒಪ್ಪಲಿಲ್ಲ. ಕೊನೆಗೆ ಮದುವೆ ದಾಖಲೆಯಲ್ಲಿ ಬಿದ್ದದ್ದು ‘ಥಿಯರೆಟಿಕಲ್ ಫಿಸಿಸಿಸ್ಟ್’. ಆ ಗುಮಾಸ್ತರನ್ನು ನೋಡಿ ಜನ ಇವತ್ತಿಗೂ ನಗುತ್ತಾರೆ. ನಗಬಾರದು. ಅವರು ಮುಂದಾಲೋಚನೆ ಇದ್ದ ಮನುಷ್ಯರು. ಮುಂದೊಂದು ದಿನ ಇದೇ ಕೆಲಸಕ್ಕೆ ಡಿಗ್ರಿ ಬರುತ್ತದೆ, ಆ ಡಿಗ್ರಿಯಿಂದ ಹೊರಬರುವವರೆಲ್ಲ ಥಿಯರೆಟಿಕಲ್ ಆಗಿಯೇ ಇರುತ್ತಾರೆ ಅಂತ ಅವರಿಗೆ ಆಗಲೇ ಗೊತ್ತಿತ್ತು.

ಗುರುವಾರ ಲ್ಯಾಬ್‌ಗೆ ಹೋದರಾದರೂ ಏನು ಸಿಗುತ್ತದೆ? ಟರ್ಬೊ ಸಿ. ಸಿ ಪ್ರೋಗ್ರಾಂ ಬರೆದು ಓಡಿಸುವ ಸಾಧನ, ನೀಲಿ ಪರದೆ, ಹಳದಿ ಅಕ್ಷರ. 1987ರಲ್ಲಿ ಬೋರ್ಲ್ಯಾಂಡ್ ಕಂಪನಿ ತಂದಾಗ ಅದು ನಿಜಕ್ಕೂ ಒಳ್ಳೆ ಸಾಮಾನು, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಇವತ್ತಿನ 64 ಬಿಟ್ ವಿಂಡೋಸ್‌ಗೆ ಅದು ಅರ್ಥವೇ ಆಗಲ್ಲ. ಅದಕ್ಕೆ ಹಳೇ ಗೇಮ್ ಆಡಲಿಕ್ಕೆ ಅಂತ ಜನ ಮಾಡಿಕೊಂಡಿದ್ದ ಡಾಸ್‌ಬಾಕ್ಸ್ ಹಾಕಿ, ಅದರ ಹೊಟ್ಟೆಯೊಳಗೆ ಟರ್ಬೊ ಸಿ ಕೂರಿಸಿ, ಅದರೊಳಗೆ ಮಕ್ಕಳು ಭವಿಷ್ಯ ಕಟ್ಟಿಕೊಳ್ಳುತ್ತಿದ್ದಾರೆ. ‘ವಾಯ್ಡ್ ಮೇನ್’ ಅಂತ ಶುರು, ‘ಗೆಟ್ ಸಿಎಚ್’ ಅಂತ ಮುಕ್ತಾಯ. ‘ವಾಯ್ಡ್’ ಅಂದರೆ ಏನೂ ವಾಪಸ್ ಕೊಡಲ್ಲ ಅಂತ. ಮೇನ್ ಒಂದು ಇಂಟ್, ಅಂದರೆ ಪೂರ್ಣಾಂಕ, ಕೊಡಬೇಕು ಅಂತ 1989ರಲ್ಲೇ ಸಿ ಭಾಷೆಯ ಸ್ಟ್ಯಾಂಡರ್ಡ್ ಹೇಳಿತ್ತು. ಸುತ್ತೋಲೆ ಇನ್ನೂ ದಾರಿಯಲ್ಲಿರಬೇಕು.

ವೈವಾದಲ್ಲಿ ಕೇಳಿದರಂತೆ, “ಇಂಟ್ ಎಷ್ಟು ಬೈಟ್?”

ಹುಡುಗ ಮನೆಯ ಲ್ಯಾಪ್‌ಟಾಪ್‌ನಲ್ಲಿ ನೋಡಿಕೊಂಡು ಹೋಗಿದ್ದ. “4 ಸರ್.”

“ತಪ್ಪು. 2.”

“ಸರ್, ನಾನು ಸೈಜ್‌ಆಫ್ ಹಾಕಿ ಪ್ರಿಂಟ್ ಮಾಡಿದ್ದೆ...”

“ನೋಟ್ಸ್‌ನಲ್ಲಿ ಏನಿದೆ?”

ಇಂಟ್ ಎಷ್ಟು ಜಾಗ ಹಿಡಿಯುತ್ತದೆ ಅನ್ನುವುದಕ್ಕೆ ಸರಿಯಾದ ಉತ್ತರ 2 ಅಲ್ಲ, 4 ಕೂಡ ಅಲ್ಲ. ಯಾವ ಕಂಪೈಲರ್, ಯಾವ ಯಂತ್ರ ಅಂತ ನೋಡಿ ಹೇಳಬೇಕು. ಇದನ್ನು ಮೊದಲ ವರ್ಷದ ಹುಡುಗನಿಗೆ ಹೇಳಿಕೊಟ್ಟರೆ ಅರ್ಧ ಸಾಫ್ಟ್‌ವೇರ್ ಕಲಿತ ಹಾಗೆ. ಆದರೆ ಅದಕ್ಕೆ ಮಾರ್ಕಿಂಗ್ ಸ್ಕೀಮ್‌ನಲ್ಲಿ ಜಾಗ ಇಲ್ಲ.

ನೋಟ್ಸ್ ಅಂದ ಕೂಡಲೇ ಏರಿಯಾನ್ 5 ನೆನಪಾಗುತ್ತದೆ. 1996ರ ಜೂನ್ 4, ಯುರೋಪಿನ ಹೊಸ ರಾಕೆಟ್‌ನ ಮೊದಲ ಹಾರಾಟ. ಏರಿಯಾನ್ 4ರಲ್ಲಿ ಚೆನ್ನಾಗಿಯೇ ಓಡುತ್ತಿದ್ದ ಕೋಡನ್ನು ಎತ್ತಿ ಇದಕ್ಕೂ ಇಟ್ಟಿದ್ದರು. ಹೊಸ ರಾಕೆಟ್ ವೇಗ ಜಾಸ್ತಿ. 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ನ ಡಬ್ಬಿಗೆ ತುರುಕಲು ಹೋಗಿ, ಹಿಡಿಸದೆ, ಹಾರಿದ ನಲವತ್ತು ಸೆಕೆಂಡಿನೊಳಗೆ ದಾರಿ ತಪ್ಪಿ ರಾಕೆಟ್ ಚೂರುಚೂರಾಯಿತು. 16 ಬಿಟ್ ಅಂದರೆ ಅದೇ, ವೈವಾದ 2 ಬೈಟ್. ಹಳೇದು ಚೆನ್ನಾಗೇ ಓಡ್ತಿತ್ತಲ್ಲ, ಯಾಕೆ ಮುಟ್ಟೋದು ಅನ್ನುವ ತತ್ವ ಅಲ್ಲೂ ಇತ್ತು, ಆ ಹಳದಿಗಟ್ಟಿದ ನೋಟ್ಸಿನಲ್ಲೂ ಇದೆ. ವ್ಯತ್ಯಾಸ ಇಷ್ಟೇ. ರಾಕೆಟ್ ಬಿದ್ದಾಗ ತನಿಖೆ ನಡೆಯಿತು, ವರದಿ ಬಂತು.

ಎರಡನೇ ವರ್ಷಕ್ಕೆ, ಸಾಫ್ಟ್‌ವೇರ್ ಕೆಲಸವನ್ನು ಒಂದಾದ ಮೇಲೊಂದು ಹಂತವಾಗಿ ಮುಗಿಸುವ ವಾಟರ್‌ಫಾಲ್ ಮಾಡೆಲ್ ಬರುತ್ತದೆ. ಚಿತ್ರ ಬರೆದು ವಿವರಿಸಿ, 10 ಮಾರ್ಕ್ಸ್. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ಚಿತ್ರದ ಮೂಲ 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಬರೆದ ಲೇಖನ. ಚಿತ್ರ ಹಾಕಿ, ಹೀಗೇ ಮಾಡಿದರೆ ಅಪಾಯ, ಕೆಡುತ್ತದೆ ಅಂತ ಅಲ್ಲೇ ಬರೆದಿದ್ದರು ಪುಣ್ಯಾತ್ಮರು. ಜನ ಚಿತ್ರ ಇಟ್ಟುಕೊಂಡರು, ಬರಹ ಬಿಟ್ಟರು. ಚಿತ್ರಕ್ಕೆ ಮಾರ್ಕ್ಸ್ ಇದೆ ನೋಡಿ.

ಇನ್ನು ಎಐ. ಅಸೈನ್‌ಮೆಂಟ್‌ಗೆ ಎಐ ಮುಟ್ಟಿದರೆ ಸೊನ್ನೆ ಅಂತ ನೋಟಿಸ್ ಹಚ್ಚಿದ್ದಾರಂತೆ. ಆ ನೋಟಿಸ್‌ನ ಇಂಗ್ಲಿಷ್ ಎಷ್ಟು ನುಣ್ಣಗಿದೆ ಅಂದರೆ ಅದನ್ನು ಮನುಷ್ಯರು ಬರೆದಿರಲಿಕ್ಕಿಲ್ಲ. ಕಾಲೇಜಿನ ಜಾಹೀರಾತಿನಲ್ಲಿ ಮಾತ್ರ ಎಐ ಅನ್ನುವ ಪದ ಕಾಲೇಜಿನ ಹೆಸರಿಗಿಂತ ದಪ್ಪ. ಕದ್ದದ್ದನ್ನು ಹಿಡಿಯಲು ಒಂದು ಡಿಟೆಕ್ಟರ್ ಬೇರೆ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಇಂಥದ್ದೊಂದು ಡಿಟೆಕ್ಟರ್ ತಂದು, ಸರಿಯಾಗಿ ಹಿಡಿಯುತ್ತಿಲ್ಲ ಅಂತ 2023ರ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ಹೆತ್ತವರಿಗೇ ಗುರುತು ಸಿಗದ ಮಗುವನ್ನು ನಮ್ಮ ಕಾಲೇಜು ಗುರುತು ಹಿಡಿಯುತ್ತದೆ. ಅಕ್ಕನ ಮಗನ ಗೆಳೆಯನೊಬ್ಬ ಸಿಕ್ಕಿಬಿದ್ದ. ಅವನ ಅಪರಾಧ, ಕೋಡಿನ ನಡುವೆ ವಿವರಣೆಗೆ ಹಾಕುವ ಕಾಮೆಂಟ್‌ಗಳನ್ನು ತಪ್ಪಿಲ್ಲದೆ ಬರೆದದ್ದು. ಈಗ ಹುಡುಗರು ಬೇಕಂತಲೇ ಅಲ್ಲೊಂದು ಇಲ್ಲೊಂದು ಕಾಗುಣಿತ ತಪ್ಪು ಸೇರಿಸುತ್ತಾರೆ.

ಸ್ವಲ್ಪ ಹೊತ್ತು ತಮಾಷೆ ಪಕ್ಕಕ್ಕಿಡೋಣ. ಇವರು ಹದಿನೆಂಟು ವರ್ಷದ ಮಕ್ಕಳು. ಹೇಳಿದ್ದನ್ನೆಲ್ಲ ಮಾಡಿದರು. ಓಡಿಸುವ ಮೊದಲೇ ಔಟ್‌ಪುಟ್ ಬರಿ ಅಂದಿರಿ, ಬರೆದರು. 2 ಅನ್ನು ಅಂದಿರಿ, 4 ಅಂತ ಕಣ್ಣಾರೆ ಕಂಡ ಮೇಲೂ 2 ಅಂದರು. ಇಡೀ ಜಗತ್ತು ಕೋಡ್ ಇಟ್ಟುಕೊಳ್ಳಲು ಬಳಸುವ ಗಿಟ್ 2005ರಿಂದ ಪುಕ್ಕಟೆ ಇದೆ. ಅದನ್ನು ಒಬ್ಬರೂ ತೋರಿಸಲಿಲ್ಲ. ಮಕ್ಕಳು ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಅಂತ ಫೈಲ್ ಉಳಿಸಿಕೊಂಡು ಒದ್ದಾಡುತ್ತಿದ್ದಾರೆ. ಡಿಗ್ರಿ ಮುಗಿಸಿ ಹೊರಗೆ ಬಂದ ದಿನ ನೀವೇ ವೇದಿಕೆ ಹತ್ತಿ ಲಾಯಕ್ಕಿಲ್ಲ ಅಂತೀರಿ. ಯಾರು ಲಾಯಕ್ಕಿಲ್ಲ? ಸಿಲಬಸ್ ಸಭೆಯಲ್ಲಿ ಇಂಡಸ್ಟ್ರಿಯವರಿಗೆ ಅಂತ ಒಂದು ಕುರ್ಚಿ ಹಾಕಿರುತ್ತಾರಲ್ಲ, ಅಲ್ಲಿ ಕೂತು ಎದ್ದು ಹೋದವರು ಯಾರು? ಮೇಷ್ಟರನ್ನು ಬೈಯಲೂ ನನಗೆ ಮನಸ್ಸಿಲ್ಲ. ಅರವತ್ತು ಮಕ್ಕಳ ಅರವತ್ತು ಉತ್ತರಪತ್ರಿಕೆ ಒಂದು ರಾತ್ರಿಯಲ್ಲಿ ತಿದ್ದು ಅಂದರೆ ಯಾರಿಗಾದರೂ ಸೆಮಿಕೋಲನ್ ಮಾತ್ರ ಕಾಣುತ್ತದೆ. ಸುಸ್ತಾಗುತ್ತೆ ರೀ, ಇದನ್ನೆಲ್ಲ ನೋಡಿ.

ಹೊರಗಿನವರಾದರೂ ನೆಟ್ಟಗಿದ್ದಾರಾ? ಹೊಸಬರಿಗೆ ಅಂತ ಇರುವ ಕೆಲಸಕ್ಕೆ ಮೂರು ವರ್ಷದ ಅನುಭವ ಬೇಕು. 2020ರಲ್ಲಿ ಯಾವುದೋ ಕೆಲಸದ ಜಾಹೀರಾತಿನಲ್ಲಿ ಫಾಸ್ಟ್‌ಎಪಿಐ ಅನ್ನುವ ಸಾಫ್ಟ್‌ವೇರ್ ಸಲಕರಣೆಯಲ್ಲಿ ನಾಲ್ಕು ವರ್ಷಕ್ಕಿಂತ ಹೆಚ್ಚು ಅನುಭವ ಕೇಳಿದ್ದರು. ಅದನ್ನು ಸೃಷ್ಟಿ ಮಾಡಿದ ಮನುಷ್ಯನೇ ಬಂದು, ನಾನು ಅರ್ಜಿ ಹಾಕೋ ಹಾಗಿಲ್ಲ, ನಾನು ಇದನ್ನು ಮಾಡಿಯೇ ಒಂದೂವರೆ ವರ್ಷ ಆಗಿದೆ ಅಂದ.

ಊಟ ಆದ ಮೇಲೆ ಹುಡುಗನಿಗೆ ಹೇಳಿದೆ, “ಆ ಮಾರ್ಕ್ಸ್ ಕೂಡಿಸೋ ಪ್ರೋಗ್ರಾಂನ ನಿನ್ನ ಲ್ಯಾಪ್‌ಟಾಪ್‌ನಲ್ಲಿ ಓಡಿಸು ನೋಡೋಣ.”

ಹಾಳೆ ನೋಡಿಕೊಂಡು ಟೈಪ್ ಮಾಡಿದ. ಸೆಮಿಕೋಲನ್ ಬಿಟ್ಟದ್ದನ್ನು ಕಂಪೈಲರ್ ತೋರಿಸಿತು, ಹಾಕಿದ. ಎರಡು ಸೆಕೆಂಡಿನ ಕೆಲಸ. ಓಡಿತು. ಟೋಟಲ್ ಈಸ್ 33153.

“ಐದು ಸಬ್ಜೆಕ್ಟ್‌ಗೆ ಇಷ್ಟು ಮಾರ್ಕ್ಸ್ ಯಾವ ಯೂನಿವರ್ಸಿಟಿ ಕೊಡುತ್ತೆ ಮಾಮ?” ಅಂತ ನಕ್ಕ. ಆಮೇಲೆ ನಗು ನಿಂತಿತು. ಕುರ್ಚಿ ಮುಂದಕ್ಕೆಳೆದುಕೊಂಡ. ನಾನು ಬಾಯಿ ಬಿಡಲಿಲ್ಲ. ಲೂಪಿನ ಒಳಗೆ ಒಂದು ಪ್ರಿಂಟ್ ಹಾಕಿ ಒಂದೊಂದೇ ಸಂಖ್ಯೆ ನೋಡಿದ. ಐದು ಮಾರ್ಕ್ಸ್ ಸರಿಯಾಗಿ ಬಂದವು. ಆರನೆಯದಾಗಿ ಎಲ್ಲಿಂದಲೋ 32766 ಬಂದು ಕೂತಿತ್ತು. ಅಕ್ಕ ಎರಡು ಸಲ ಬಂದು ಮಲಗು ಅಂದಳು. ಹನ್ನೊಂದೂಮುಕ್ಕಾಲಿಗೆ ಟೇಬಲ್ ಗುದ್ದಿದ.

“ಸಿಕ್ತು! ಇಲ್ಲದೇ ಇರೋ ಮನೆಗೆ ನುಗ್ಗಿದೀನಿ ಮಾಮ. ಐದಕ್ಕಿಂತ ಕಮ್ಮಿ ಅಂತ ಬರೀಬೇಕಿತ್ತು, ಸಮ ಅಂತಾನೂ ಸೇರಿಸಿಬಿಟ್ಟಿದೀನಿ.”

ಮೂರು ತಿಂಗಳಲ್ಲಿ ಅವನ ಮುಖ ಹಾಗೆ ಅರಳಿದ್ದು ನಾನು ನೋಡಿರಲಿಲ್ಲ. ಖುಷಿಯಲ್ಲಿ ಅಂದೆ, “ನಾಳೆ ನಿಮ್ಮ ಸರ್‌ಗೆ ತೋರಿಸು.”

ಉತ್ತರಪತ್ರಿಕೆ ಎತ್ತಿಕೊಂಡು ಆ ದೊಡ್ಡ ರೈಟ್ ಮಾರ್ಕನ್ನೇ ಸ್ವಲ್ಪ ಹೊತ್ತು ನೋಡಿದ.

“ಬೇಡ ಮಾಮ. ಇದಕ್ಕೆ ಫುಲ್ ಮಾರ್ಕ್ಸ್ ಕೊಟ್ಟಿದ್ದಾರೆ. ತೋರಿಸಿದ್ರೆ ಕಟ್ ಮಾಡ್ತಾರೆ.”

ಲ್ಯಾಪ್‌ಟಾಪ್ ಮುಚ್ಚಿ, ಪೆನ್ಸಿಲ್ ಚೂಪು ಮಾಡಿಕೊಂಡು, ಬುಧವಾರದ ಔಟ್‌ಪುಟ್ ಬರೆಯಲು ಕೂತ.